ಕರೆಂಟು ಉಚಿತವಿರುವಾಗ ಸೋಲಾರ್ ಹೀಟರ್ ಹಾಕಿಸಬೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ಜನರ ಮನೆ ನಮ್ಮದು, ಗೃಹಜ್ಯೋತಿ ಇದೆ. ಗೀಸರ್ ಬಿಟ್ಟು ಸೋಲಾರ್ ಹೀಟರ್ ಹಾಕಿಸಿದರೆ ದುಡ್ಡು ಉಳಿಯುತ್ತದೆಯೇ? ಸಬ್ಸಿಡಿ ಇದೆಯೇ?

ಉತ್ತರ: ವರ್ಷವಿಡೀ ಸೊನ್ನೆ ಬಿಲ್ಲೇ ಬರುತ್ತಿದ್ದರೆ ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಬಳಕೆ ಗೃಹಜ್ಯೋತಿಯ ಗಡಿಯಾದ ತಿಂಗಳಿಗೆ 200 ಯೂನಿಟ್ಟಿನ ಆಸುಪಾಸಿನಲ್ಲಿದ್ದರೆ ಮಾತ್ರ ಲೆಕ್ಕ ಪೂರಾ ತಿರುಗುತ್ತದೆ.

20 ಲೀಟರಿನ ಬಕೆಟ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ವರಿಗೆ ದಿನಕ್ಕೆ 2, ತಿಂಗಳಿಗೆ 60. ಮನೆಯ ಉಳಿದ ಬಳಕೆ 150 ಇದ್ದರೆ ಒಟ್ಟು 210 ಆಯಿತು. ಆಗ ಬಿಲ್ ಬರುವುದು ಹೆಚ್ಚಾದ 10 ಯೂನಿಟ್ಟಿಗಲ್ಲ, ಅಷ್ಟೂ 210ಕ್ಕೆ. ಯೂನಿಟ್ಟಿಗೆ ತೆರಿಗೆ ಸೇರಿ 7 ರೂ. ಹಿಡಿದರೂ 1,470 ರೂ., ಅದರ ಮೇಲೆ ನಿಗದಿತ ಶುಲ್ಕ. ಗೀಸರ್ ಇಲ್ಲದಿದ್ದರೆ 150ರಲ್ಲೇ ನಿಲ್ಲುತ್ತೀರಿ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದ ಉಚಿತ ಮಿತಿಯನ್ನು ಮೀರಿದಷ್ಟಕ್ಕೆ ಮಾತ್ರ ಕಟ್ಟಿದರಾಯಿತು.

ಹೀಟರಿಗೆ ಕೇಂದ್ರ ಕೊಡುತ್ತಿದ್ದ ಸಹಾಯಧನ 2014ರಲ್ಲೇ ನಿಂತಿದೆ. ಪಿಎಂ ಸೂರ್ಯಘರ್ ಯೋಜನೆಯ 78,000 ರೂ.ವರೆಗಿನ ಸಹಾಯಧನ ಕರೆಂಟು ಉತ್ಪಾದಿಸುವ ಪ್ಯಾನೆಲ್ಲಿಗೆ, ನೀರು ಕಾಯಿಸುವುದಕ್ಕಲ್ಲ. ಹೀಟರಿಗೆ ಸಹಾಯಧನ ಇಲ್ಲದಿರುವುದು ನಮಗೆ ತಪ್ಪು ಅನ್ನಿಸುತ್ತದೆ. ಸೊನ್ನೆ ಬಿಲ್ಲಿನ ಮನೆಯೊಂದರ ಬಿಸಿನೀರಿಗೇ ರಾಜ್ಯ ಸರ್ಕಾರ ವರ್ಷಕ್ಕೆ ಹತ್ತಿರ ಹತ್ತಿರ 5,000 ರೂ. ತುಂಬುತ್ತದೆ. ಐದಾರು ವರ್ಷದ ಆ ಹಣದಲ್ಲಿ 100 ಲೀಟರಿನ ಹೀಟರೇ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದು 15 ವರ್ಷ ಬಾಳುತ್ತದೆ.

ಹಾಕಿಸುವುದಾದರೆ ಮೊದಲು ನೀರು ನೋಡಿ. ಬೋರ್‌ವೆಲ್‌ನ ಗಡಸು ನೀರು ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ, ಎರಡು ಮೂರು ವರ್ಷದಲ್ಲಿ ನೀರು ಉಗುರುಬೆಚ್ಚಗಷ್ಟೇ ಬರತೊಡಗುತ್ತದೆ. ಅಂಥ ಕಡೆ ಗಾಜಿನ ಟ್ಯೂಬಿನ ಮಾದರಿ ವಾಸಿ. ಮುಖ ದಕ್ಷಿಣಕ್ಕಿರಲಿ, ಪಕ್ಕದ ಕಟ್ಟಡದ ನೆರಳು ಬೀಳದಿರಲಿ. ತಣ್ಣೀರಿನ ಟ್ಯಾಂಕಿನ ತಳ ಹೀಟರಿಗಿಂತ ಮೇಲಿರಬೇಕು. ಗಾಳಿ ಹೋಗುವ ಪೈಪನ್ನು ಮುಚ್ಚಲು ಬಿಡಬೇಡಿ, ಮುಚ್ಚಿದರೆ ಒಳಟ್ಯಾಂಕ್ ನಜ್ಜುಗುಜ್ಜಾಗುತ್ತದೆ.

ತಾರಸಿಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇದ್ದರೆ ಅದರೊಳಗೇ 5 ಲೀಟರ್ ತಣ್ಣೀರು ನಿಂತಿರುತ್ತದೆ. ಮೊದಲು ಬರುವ ಆ ನೀರನ್ನು ಬಕೆಟ್ಟಿಗೆ ಹಿಡಿದುಕೊಳ್ಳಿ.

ಉಳಿತಾಯಕ್ಕೆ ದೊಡ್ಡ ಪೆಟ್ಟು ಮೋಡದ ದಿನಕ್ಕೆಂದು ಹೀಟರಿನ ಟ್ಯಾಂಕಿನೊಳಗಿಟ್ಟಿರುವ 2 ಕಿಲೋವ್ಯಾಟಿನ ಕರೆಂಟ್ ಕಾಯಿಲಿನಿಂದ. ಜುಲೈಯಲ್ಲಿ ಹಾಕಿದ ಸ್ವಿಚ್ಚನ್ನು ಆರಿಸಲು ಮರೆತರೆ ಸೂರ್ಯ ಕಾಯಿಸಬೇಕಾದ ನೀರನ್ನು ರಾತ್ರಿಯೆಲ್ಲ ಕರೆಂಟೇ ಕಾಯಿಸುತ್ತಿರುತ್ತದೆ. ಸ್ವಿಚ್ಚು ಮನೆಯೊಳಗೆ ಕಣ್ಣಿಗೆ ಬೀಳುವಲ್ಲಿರಲಿ, ಕೆಂಪು ದೀಪವಿರಲಿ, ಬೆಳಗ್ಗೆ ಒಂದು ಗಂಟೆಯಷ್ಟೇ ಓಡುವಂತೆ ಟೈಮರ್ ಹಾಕಿಸಿ.