ಕಸೂತಿ ಸೀರೆ: ಎಣಿಕೆ ತಪ್ಪಿದ್ದು ಎಲ್ಲಿಂದ?

ಧಾರವಾಡದ ಪೇಟೆಯಲ್ಲಿ ‘ಕಸೂತಿ ಸೀರಿ ತೋರಸ್ರಿ’ ಅಂದರೆ ಈಗ ಮೂರು ಬಗೆಯವು ಮುಂದೆ ಬಂದು ಬೀಳುತ್ತವೆ. ಕೈಯಲ್ಲಿ ಹಾಕಿದ್ದು, ಕಂಪ್ಯೂಟರ್ ಯಂತ್ರದಲ್ಲಿ ಹೊಲಿದದ್ದು, ಬರೀ ಅಚ್ಚು ಒತ್ತಿದ್ದು. ಮೂರಕ್ಕೂ ಹೆಸರು ಒಂದೇ. ಅಸಲಿ ಯಾವುದೆಂಬ ಜಗಳ ಯಂತ್ರ ಬಂದ ಮೇಲೆ ಹುಟ್ಟಿತೆಂದು ಬಹಳ ಮಂದಿ ತಿಳಿದಿದ್ದಾರೆ. ಅದಕ್ಕೂ ಮೊದಲೇ, ಎಳೆ ಎಣಿಸಿ ಕಸೂತಿ ಹಾಕುವ ಬಟ್ಟೆ ಬದಲಾಗಿತ್ತು.

ಮದುವೆಯ ಕರಿ ಚಂದ್ರಕಾಳಿ ಸೀರೆ, ಇಳಕಲ್ ಸೀರೆಯ ಸೆರಗಿನ ಮಗ್ಗುಲು, ಕುಬಸದ ತೋಳು, ಕೂಸಿನ ಕುಂಚಿಗೆ: ತಲೆಮಾರುಗಳ ಕಾಲ ಕಸೂತಿ ಮನೆಯೊಳಗಿನ ಕೆಲಸವಾಗಿತ್ತು. ಆಮೇಲೆ ಅದು ತುಂಡಿನ ಲೆಕ್ಕದ ಕೂಲಿಯಾಯಿತು.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಮರಳುವಾಗ ಬಿಟ್ಟ ಜಾಗ ತುಂಬುವುದು. ಅದೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಮುರಗಿ. ಗೋಪುರದ ಚಿತ್ತಾರದಲ್ಲಿ ಕವಲು ಬಂದಲ್ಲಿ ಕವಲಿನ ತುದಿಗೆ ಹೋಗಿ ಬಂದು ಮತ್ತೆ ಮೂಲ ಸಾಲು ಹಿಡಿಯಬೇಕು. ನಾಲ್ಕು ಎಳೆಯ ಹೊಲಿಗೆ ಒಂದೆಡೆ ಐದಾದರೆ ಆಗ ಕಾಣುವುದಿಲ್ಲ. ಗೋಪುರದ ಎರಡು ಪಕ್ಕ ಕೂಡದೇ ಹೋದಾಗ ಗೊತ್ತಾಗುತ್ತದೆ. ತಪ್ಪಿದ ಜಾಗದವರೆಗೂ ಬಿಚ್ಚದೆ ಗತಿಯಿಲ್ಲ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಅಡಿ ನುಸುಳಿಸಿ ಮುಗಿಸುತ್ತಾರೆ. ದಾರ ಒಂದು ಮೊಳಕ್ಕಿಂತ ಬಹಳ ಉದ್ದವಾದರೆ ರೇಷ್ಮೆ ಉಜ್ಜಿ ಉಜ್ಜಿ ಜುಂಗೆದ್ದು ಹೊಳಪು ಕಳೆದುಕೊಳ್ಳುತ್ತದೆ.

ಎಳೆ ಎದ್ದು ಕಾಣುವ ಕೈಮಗ್ಗದ ಬಟ್ಟೆಗೆ ಇದೆಲ್ಲ ಒಗ್ಗಿತ್ತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂದರೂ ವಿದ್ಯುತ್ ಮಗ್ಗದ ಸೀರೆ ಪೇಟೆ ತುಂಬಿತು. ಜಾರ್ಜೆಟ್, ಕ್ರೇಪಿನ ಎಳೆ ಬರಿಗಣ್ಣಿನ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಸೀರೆಯ ಮೇಲೆ ಜಾಳು ಕ್ಯಾನ್ವಾಸ್ ಟಾಕಿ, ಅದರ ಚೌಕ ಎಣಿಸಿ ಹೊಲಿದು, ಕಡೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಪದ್ಧತಿ ಬಂತು. ಸುಲಭದ್ದಲ್ಲ. ಸೂಜಿ ಚೌಕದ ನಡುವೆ ಇಳಿಯದೆ ಕ್ಯಾನ್ವಾಸಿನ ಎಳೆಯನ್ನೇ ಚುಚ್ಚಿದರೆ ಆ ಎಳೆ ಹೊರಬರುವುದಿಲ್ಲ, ಜಗ್ಗಿದರೆ ಹೊಲಿಗೆಯೂ ಜತೆಗೆ ಬರುತ್ತದೆ. ಕೈ ಸಡಿಲವಾದರೆ ಕ್ಯಾನ್ವಾಸ್ ತೆಗೆದ ಮೇಲೆ ದಾರ ಜೋಲುತ್ತದೆ, ಬಿಗಿಯಾದರೆ ತೆಳು ಸೀರೆ ಸುಕ್ಕುಗಟ್ಟುತ್ತದೆ. ಟಾಕುವಾಗ ಓರೆಯಾಯಿತೋ, ತೇರಿನ ಚಿತ್ತಾರವೂ ಓರೆ. ಇಲ್ಲಿಯೂ ಎಣಿಕೆ ಉಳಿದಿದೆ, ಎಣಿಸುವುದು ಸೀರೆಯ ಎಳೆಯನ್ನಲ್ಲ ಅಷ್ಟೆ. ಇದನ್ನೂ ನಕಲಿ ಎನ್ನುವವರು ಒಮ್ಮೆ ಸೂಜಿ ಹಿಡಿದು ನೋಡಬೇಕು.

ಎಣಿಕೆ ನಿಜಕ್ಕೂ ಹೋದದ್ದು ಯಂತ್ರದಲ್ಲಿ. ಅದನ್ನು ಗುರುತಿಸಲು ಹೇಳುವ ‘ಹಿಂದೆ ಮುಂದೆ ಒಂದೇ ಇದ್ದರೆ ಅಸಲಿ’ ಎಂಬ ಮಾತು ಗವಂತಿಗೆ, ಮುರಗಿಗೆ ಸರಿ. ನೇಗಿಗೆ ಅಲ್ಲ: ಅದು ನೇಯ್ದಂತೆ ಸಾಲುಗಟ್ಟಿ ಸಾಗುವ ಹೊಲಿಗೆ, ಮುಂದೆ ದಾರವಿದ್ದಲ್ಲಿ ಹಿಂದೆ ಖಾಲಿ. ಗುಣಾಕಾರದ ಗುರುತಿನಂಥ ಅಡ್ಡ ಹೊಲಿಗೆಯ ಮೆಂತಿಯೂ ಹಿಂದೆ ಬೇರೆಯೇ ಕಾಣುತ್ತದೆ. ಈ ಪರೀಕ್ಷೆ ನಂಬಿ ಅಪ್ಪಟ ನೇಗಿಯ ಸೀರೆಯನ್ನೇ ಬದಿಗೆ ಸರಿಸುವವರಿದ್ದಾರೆ. ನೋಡಬೇಕಾದದ್ದು ದಾರ. ಯಂತ್ರದ ಹೊಲಿಗೆಗೆ ಮೇಲೊಂದು, ಕೆಳಗೆ ಬಾಬಿನ್ನಿನದೊಂದು, ಹೀಗೆ ಸಾಮಾನ್ಯವಾಗಿ ಎರಡು ದಾರ ಬೇಕು. ಸೀರೆ ತಿರುವಿದರೆ ಹಲವು ಸಲ ಬಾಬಿನ್ನಿನ ಬಿಳಿ ದಾರ, ಹೊಲಿಯುವಾಗ ಹಿಂದೆ ಆಸರೆಗೆ ಕೊಟ್ಟ ಕಾಗದದ ಚೂರು ಸಿಗುತ್ತವೆ.

1999ರ ಕಾಯ್ದೆಯಡಿ ಕಸೂತಿಗೆ ಭೌಗೋಳಿಕ ಸೂಚಕವೂ (ಹೆಸರನ್ನು ಊರಿಗೆ ಕಟ್ಟಿಡುವ ಜಿಐ ಗುರುತು) ಸಿಕ್ಕಿದೆ. ಆದರೆ ಅದು ಕಾಯುವುದು ಹೆಸರನ್ನು. ಗೋಪುರ, ಆನೆ, ತುಳಸಿಕಟ್ಟೆಯ ಚಿತ್ತಾರವನ್ನಲ್ಲ. ಆ ಚಿತ್ತಾರವನ್ನು ಯಂತ್ರದಲ್ಲಿ ಹೊಲಿಯುವುದನ್ನು ಅದು ತಡೆಯುವುದಿಲ್ಲ.

ಕೂಲಿಯ ಲೆಕ್ಕಕ್ಕೆ ಬರುವುದು ಮುಗಿದ ಸೀರೆ ಮಾತ್ರ. ಎಣಿಸಿದ ಹೊತ್ತು, ಬಿಚ್ಚಿದ ಗೋಪುರ, ಕ್ಯಾನ್ವಾಸಿನ ಎಳೆ ಕೀಳುತ್ತ ಕಳೆದ ಸಂಜೆ ಅದರಲ್ಲಿ ಸೇರುವುದಿಲ್ಲ. ಸೆರಗಿನ ಹತ್ತಿರ ದೊಡ್ಡ ತೇರು, ಆನೆ, ಒಡಲಿಗೆ ಬಂದಂತೆ ಚಿತ್ತಾರ ಸಣ್ಣದಾಗುತ್ತ ಹೋಗುವುದು ಹಳೆಯ ಕ್ರಮ. ಈಗ ಹಲವು ಸೀರೆಗಳಲ್ಲಿ ಸೆರಗಿಗೂ ಸಣ್ಣ ಗೋಪುರವೇ, ಒಡಲಿಗೆ ಅಲ್ಲೊಂದು ಇಲ್ಲೊಂದು ಚಿಕ್ಕಿ.