ದಪ್ಪ ಸ್ಯಾಂಪಲ್‌ನಲ್ಲಿ ಸೂಪರ್ ರೆಸಲ್ಯೂಶನ್ ಯಾಕೆ ಕೈಕೊಡುತ್ತದೆ?

ಗಾಜಿಗೆ ಚಪ್ಪಟೆಯಾಗಿ ಅಂಟಿಕೊಂಡ ಒಂದು ಪದರ ಜೀವಕೋಶಗಳಿದ್ದರೆ ಸೂಪರ್ ರೆಸಲ್ಯೂಶನ್ ಚಿತ್ರ ಚೆನ್ನಾಗಿ ಬರುತ್ತದೆ. ಅದೇ ಮೈಕ್ರೋಸ್ಕೋಪಿನಲ್ಲಿ ಮೆದುಳಿನ ಚೂರಿನೊಳಗೆ 50 ಮೈಕ್ರೋಮೀಟರ್ ಇಳಿದು ನೋಡಿದರೆ ಮಸುಕೋ ಮಸುಕು. ಮೈಕ್ರೋಸ್ಕೋಪ್ ಕೆಟ್ಟಿಲ್ಲ. ದಾರಿಯಲ್ಲಿ ಬೆಳಕು ಕೆಟ್ಟಿದೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಸಾಮಾನ್ಯ ಲೆನ್ಸಿಗೆ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಒಂದಾಗಿ ಕಾಣುತ್ತವೆ. ಇದು 1873ರಲ್ಲಿ ಅರ್ನ್ಸ್ಟ್ ಅಬೆ ತೋರಿಸಿದ ಮಿತಿ. ಇದನ್ನು ದಾಟುವುದೇ ಸೂಪರ್ ರೆಸಲ್ಯೂಶನ್. ಆ ದಾರಿ ತೋರಿಸಿದ್ದಕ್ಕೆ ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್, ವಿಲಿಯಂ ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂತು. ಸ್ಯಾಂಪಲ್‌ಗೆ ಹೊಳೆಯುವ ಬಣ್ಣದ ಅಣುಗಳನ್ನು ಅಂಟಿಸಿರುತ್ತಾರೆ. ಸ್ಟೆಡ್ ವಿಧಾನದಲ್ಲಿ ಉದ್ದಿನ ವಡೆಯಂಥ ಲೇಸರ್ ಚುಕ್ಕಿ ಸುತ್ತಲಿನ ಹೊಳಪನ್ನು ಆರಿಸುತ್ತದೆ, ನಡುವಿನ ತೂತು ಮಾತ್ರ ಹೊಳೆಯುತ್ತದೆ. ಪಾಮ್, ಸ್ಟಾರ್ಮ್ ವಿಧಾನಗಳಲ್ಲಿ ಅಣುಗಳು ಬೇರೆ ಬೇರೆ ಹೊತ್ತಿಗೆ ಮಿನುಗುತ್ತವೆ. ಪ್ರತಿ ಚುಕ್ಕಿಯ ನಡುಮಧ್ಯ ಎಲ್ಲಿದೆ ಎಂದು ಲೆಕ್ಕ ಹಾಕುತ್ತೇವೆ.

ಗಮನಿಸಿ, ಎರಡೂ ಬಗೆಯ ವಿಧಾನಗಳು ಚುಕ್ಕಿಯ ಆಕಾರವನ್ನೇ ನಂಬಿವೆ. ಆ ಆಕಾರ ಕೆಟ್ಟರೆ ಎಲ್ಲ ಕೆಟ್ಟಂತೆ.

ಯಾಕೆ ಕೆಡುತ್ತದೆ? ನೀರಿನ ತಳದಲ್ಲಿರುವ ನಾಣ್ಯ ಮೇಲೆದ್ದ ಹಾಗೆ ಕಾಣುತ್ತದಲ್ವಾ? ಇಲ್ಲೂ ಅದೇ ಕಥೆ. ಲೆನ್ಸಿಗೆ ಹಚ್ಚುವ ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.52, ನೀರಿನದ್ದು 1.33. ಅಂಗಾಂಶದ್ದು ಇವೆರಡರ ನಡುವೆ, ಅದೂ ಒಂದೊಂದು ಜಾಗದಲ್ಲಿ ಒಂದೊಂದು. ಗಡಿ ದಾಟಿದಲ್ಲೆಲ್ಲ ಕಿರಣಗಳು ಬಾಗುತ್ತವೆ, ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಸ್ಟೆಡ್‌ನ ತೂತಿಗೆ ಬೇಡದ ಬೆಳಕು ಸ್ವಲ್ಪ ಸೋರಿದರೂ ಸಾಕು, ನಮಗೆ ಬೇಕಾದ ಹೊಳಪೇ ಆರಿಹೋಗುತ್ತದೆ.

ಸ್ಟಾರ್ಮ್‌ನಲ್ಲಿ ಆಗುವ ತಪ್ಪು ಇನ್ನೂ ಮೋಸದ್ದು. ಆಳ ತಿಳಿಯಲು ಸಿಲಿಂಡರ್ ಲೆನ್ಸ್ ಇಟ್ಟು ಚುಕ್ಕಿಯನ್ನು ಮೊಟ್ಟೆಯಾಕಾರ ಮಾಡುತ್ತಾರೆ. ಅದು ಎತ್ತ ಎಳೆದುಕೊಂಡಿದೆ ಎಂಬುದರಿಂದ ಆಳ ಗೊತ್ತಾಗುತ್ತದೆ. ಇದಕ್ಕೆ ಬೇಕಾದ ಅಳತೆಯನ್ನು ಹೆಚ್ಚಾಗಿ ಗಾಜಿನ ಮೇಲಿಟ್ಟ ಹೊಳೆಯುವ ಪುಟ್ಟ ಮಣಿಗಳಿಂದ ತೆಗೆದಿರುತ್ತಾರೆ. ಅಂಗಾಂಶದೊಳಗೆ ಚುಕ್ಕಿ ಬೇರೆ ಕಾರಣಕ್ಕೂ ಸೊಟ್ಟಗಾಗಿರುತ್ತದೆ. ಸಾಫ್ಟ್‌ವೇರ್ ಅದನ್ನೂ ಆಳ ಎಂದೇ ಓದುತ್ತದೆ. ಚಿತ್ರ ಚೂಪಾಗಿಯೇ ಕಾಣಬಹುದು, ಆದರೆ ಜಾಗ ತಪ್ಪು. ನನಗೆ ಇದು ಅರ್ಥವಾಗಲು ಜಾಸ್ತಿ ಹೊತ್ತು ಹಿಡಿಯಿತು.

ಸರಿಪಡಿಸಲು ಮೊದಲು ಅಗ್ಗದ ದಾರಿ ಹಿಡಿಯಿರಿ. ಸ್ಯಾಂಪಲ್‌ಗೆ ಹೊಂದುವ ಲೆನ್ಸ್ ಹಾಕಿ: ನೀರು, ಗ್ಲಿಸರಾಲ್ ಅಥವಾ ಸಿಲಿಕೋನ್ ಎಣ್ಣೆಯದ್ದು. ಲೆನ್ಸಿನ ಮೇಲೆ ಕರೆಕ್ಷನ್ ಕಾಲರ್ ಎಂಬ ತಿರುಗುವ ಉಂಗುರ ಇದ್ದರೆ ಅದನ್ನು ಸುಮ್ನೆ ಬಿಡಬೇಡಿ, ತಿರುಗಿಸಿ ನೋಡಿ.

ಅದೂ ಸಾಲದಿದ್ದರೆ ಅಡಾಪ್ಟಿವ್ ಆಪ್ಟಿಕ್ಸ್. ಇದು ಆಕಾಶ ನೋಡುವವರಿಂದ ಬಂದ ಉಪಾಯ. ಗಾಳಿಯಿಂದ ನಕ್ಷತ್ರದ ಬೆಳಕು ಅಲುಗಾಡುವುದನ್ನು ಸರಿಪಡಿಸಬಹುದು ಎಂದು 1953ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಸೂಚಿಸಿದ್ದರು. ಮೈಕ್ರೋಸ್ಕೋಪಿನಲ್ಲಿ ಬಾಗಬಲ್ಲ ಕನ್ನಡಿಯೊಂದು ಅಂಗಾಂಶ ತಂದ ಸೊಟ್ಟಕ್ಕೆ ವಿರುದ್ಧ ಸೊಟ್ಟ ಕೊಡುತ್ತದೆ. ಎಷ್ಟು ಬಾಗಿಸಬೇಕು? ಒಂದೊಂದೇ ಆಕಾರ ಕೊಟ್ಟು, ಚಿತ್ರ ಸುಧಾರಿಸಿದರೆ ಇಟ್ಟುಕೊಳ್ಳುವುದು ಒಂದು ಕ್ರಮ. ಸ್ಟೆಡ್‌ನಲ್ಲಿ ಹೊಳಪನ್ನೊಂದೇ ನೋಡಿದರೆ ಮೋಸ ಹೋಗುತ್ತೀರಿ. ವಡೆ ಸರಿಯಾಗಿ ಕೂತಷ್ಟೂ ಸುತ್ತಲಿನ ಹೊಳಪು ಆರಿ ಚಿತ್ರ ಮಂಕಾಗಬಹುದು. ಹಾಗಾಗಿ ಹೊಳಪಿನ ಜೊತೆ ಚೂಪನ್ನೂ ಅಳೆಯಬೇಕು.

ಕನ್ನಡಿ ಆಕಾರವನ್ನು ತಿದ್ದುತ್ತದೆ, ಫೋಕಸ್ ಇಲ್ಲದ ಪದರಗಳಿಂದ ಬರುವ ಹಿನ್ನೆಲೆಯ ಮಬ್ಬನ್ನಲ್ಲ. ಸ್ಟಾರ್ಮ್‌ನಲ್ಲಿ ಒಂದು ಅಣುವಿನಿಂದ 400 ಫೋಟಾನ್ (ಬೆಳಕಿನ ಕಣ) ಬಂದರೆ ನಡುಮಧ್ಯದ ಅಂದಾಜು ಚುಕ್ಕಿಯ ಹರಡುವಿಕೆಗಿಂತ 20 ಪಟ್ಟು ನಿಖರ, ಏಕೆಂದರೆ 400ರ ವರ್ಗಮೂಲ 20. ಆದರೆ ಆ ಲೆಕ್ಕ ಮಬ್ಬಿಲ್ಲದಿದ್ದರೆ ಮಾತ್ರ. ಮಬ್ಬು ತಗ್ಗಿಸಲು ಬದಿಯಿಂದ ತೆಳು ಹಾಳೆಯಂತೆ ಬೆಳಕು ಹಾಯಿಸುವ ಲೈಟ್ ಶೀಟ್ ಒಳ್ಳೆಯದು. ಫೋಕಸ್ ಇರುವ ಪದರ ಮಾತ್ರ ಹೊಳೆಯುತ್ತದೆ.

ಇನ್ನೊಂದು ದಾರಿ ತಲೆಕೆಳಗಾದದ್ದು: ಸ್ಯಾಂಪಲ್ಲನ್ನೇ ಹಿಗ್ಗಿಸುವುದು. 2015ರಲ್ಲಿ ಅಮೆರಿಕದ ಎಂಐಟಿಯ ಎಡ್ ಬಾಯ್ಡನ್ ತಂಡ ಮಾಡಿದ್ದು ಇದನ್ನೇ. ಸ್ಯಾಂಪಲ್ಲಿನೊಳಗೆ ತುಂಬಿದ್ದು ಮಗುವಿನ ಡಯಾಪರ್‌ನಲ್ಲಿ ಇರುವಂಥದ್ದೇ ನೀರು ಹೀರುವ ಪಾಲಿಮರ್! ಸ್ಯಾಂಪಲ್ ಪ್ರತಿ ದಿಕ್ಕಿನಲ್ಲೂ ಸುಮಾರು 4.5 ಪಟ್ಟು ಉಬ್ಬಿತು. ಉಬ್ಬಿದ್ದು ಬಹುಪಾಲು ನೀರೇ ಆದ್ದರಿಂದ ಪಾರದರ್ಶಕ, ನೀರಿನ ಲೆನ್ಸಿಗೂ ಹೊಂದುತ್ತದೆ. ಬೆಲೆಯೂ ಇದೆ: ಗಾತ್ರ 90 ಪಟ್ಟು ಹೆಚ್ಚಿದಾಗ ಬಣ್ಣದ ಅಣುಗಳು ಅಷ್ಟೇ ತೆಳ್ಳಗೆ ಹರಡುತ್ತವೆ. ಜೀವಂತ ಅಂಗಾಂಶಕ್ಕಂತೂ ಇದು ಆಗದು. ಅಲ್ಲಿ ಮತ್ತೆ ಬಾಗುವ ಕನ್ನಡಿಗೇ ಬರಬೇಕು.