ಅಮ್ಮನ ಮೂಗುಬೊಟ್ಟಿನ ವಜ್ರ ಉಂಗುರಕ್ಕೆ: ಅಕ್ಕಸಾಲಿಗರಿಗೆ ಏನೇನು ಹೇಳಬೇಕು?

ಪ್ರಶ್ನೆ: ಅಮ್ಮನ ಒಂಟಿ ಹರಳಿನ ಮೂಗುಬೊಟ್ಟಿನಲ್ಲಿ ಸುಮಾರು 30 ಸೆಂಟ್‌ನ (0.30 ಕ್ಯಾರೆಟ್ ತೂಕದ) ವಜ್ರವಿದೆ. ಅದನ್ನು ಉಂಗುರಕ್ಕೆ ಕೂರಿಸಿ, ಪಕ್ಕದಲ್ಲಿ ಗಂಡಭೇರುಂಡ, ಒಳಗೆ ಅಮ್ಮನ ಹೆಸರು ಕೆತ್ತಿಸುವ ಆಸೆ. ನಾನು ಮೈಸೂರಿನಲ್ಲಿ ನರ್ಸ್ ಆಗಿದ್ದೇನೆ. ಅಶೋಕ ರಸ್ತೆಯ ಅಂಗಡಿಯಲ್ಲಿ ಮೊಬೈಲಿನ ಚಿತ್ರವೊಂದನ್ನು ತೋರಿಸಿದರೆ ಸಾಕೇ?

ಉತ್ತರ: ಸಾಲದು. ಚಿತ್ರದಲ್ಲಿ ಉಂಗುರದ ಮುಖ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ನನ್ನ ತಂಗಿ ಹಾಗೆಯೇ ಚಿತ್ರ ತೋರಿಸಿ ಮಾಡಿಸಿಕೊಂಡಳು. ಬಂದ ಉಂಗುರ ಚಿತ್ರದಲ್ಲಿದ್ದಂತೆಯೇ ಇತ್ತು. ಆದರೆ ಹರಳು ಬೆರಳಿನ ಮೇಲೆ ಗೋಪುರದಂತೆ ನಿಂತಿತ್ತು. ಮೈಸೂರು ಸಿಲ್ಕ್ ಸೀರೆ ಉಟ್ಟ ಮೊದಲ ದಿನವೇ ಸೆರಗಿನ ಎಳೆ ಅದಕ್ಕೆ ಸಿಕ್ಕಿತು. ಇಂದಿಗೂ ಆ ಉಂಗುರ ಬೀರುವಿನಲ್ಲಿದೆ.

ವಿನ್ಯಾಸಕ್ಕಿಂತ ಮೊದಲು ಹರಳಿನ ಮಾತು. ಹಳೆಯ ಮೂಗುಬೊಟ್ಟುಗಳಲ್ಲಿ ವಜ್ರದ ಹಿಂಬದಿ ಮುಚ್ಚಿರುವುದುಂಟು. ಬಿಚ್ಚಿದಾಗ ಬಣ್ಣ ತುಸು ಹಳದಿಯಾಗಿ ಕಂಡೀತು, ಅಂಚಿನಲ್ಲಿ ಚಕ್ಕೆ ಎದ್ದಿರುವುದು ತಿಳಿದೀತು. ಆದ್ದರಿಂದ ನಿಮ್ಮ ಕಣ್ಣೆದುರಿಗೇ ಬಿಚ್ಚಿಸಿ. ಕ್ಯಾರೆಟ್ ತಕ್ಕಡಿಯಲ್ಲಿ ತೂಗಿಸಿ, ಅಡ್ಡಳತೆ ಮತ್ತು ಆಳವನ್ನು ಮಿಲಿಮೀಟರಿನಲ್ಲಿ ಅಳೆಯಿಸಿ, ಭೂತಗನ್ನಡಿಯಲ್ಲಿ ಕಂಡ ಚುಕ್ಕೆ ಎಲ್ಲಿದೆ ಎಂಬುದನ್ನೂ ರಸೀದಿಯ ಮೇಲೆ ಬರೆಯಿಸಿಕೊಳ್ಳಿ. ಇದು ಅಪನಂಬಿಕೆಯಲ್ಲ. ಒಳ್ಳೆಯ ಚಿನಿವಾರರು ಹೇಳಿಸಿಕೊಳ್ಳದೆ ಇದನ್ನು ಮಾಡುತ್ತಾರೆ. ವಜ್ರ ಎಷ್ಟೇ ಗಟ್ಟಿಯಾದರೂ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಕೂರಿಸುವಾಗ ಹಾಗಾದರೆ ನಷ್ಟ ಯಾರದು ಎಂಬುದನ್ನೂ ಅದೇ ರಸೀದಿಯಲ್ಲಿ ಕೇಳಿ ಬರೆಯಿಸಿ.

ಇನ್ನು ಎತ್ತರ. 30 ಸೆಂಟ್‌ನ ದುಂಡು ವಜ್ರದ ಅಡ್ಡಳತೆ ಸುಮಾರು 4.3 ಮಿ.ಮೀ., ಆಳ ಸುಮಾರು 2.6 ಮಿ.ಮೀ. ಹಳೆಯ ಕಾಲದ ಕಟಿಂಗ್ ಆಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅಳತೆ ಬರೆಯಿಸಿಕೊಳ್ಳಿ ಎಂದದ್ದು ಅದಕ್ಕಾಗಿಯೇ. ಹರಳಿನ ಚೂಪು ತುದಿ ಬೆರಳಿಗೆ ತಾಗದಷ್ಟು ಜಾಗ ಬಿಟ್ಟರೆ ಸಾಕು, ಅದಕ್ಕಿಂತ ಮೇಲೇರಿಸುವ ಅಗತ್ಯವಿಲ್ಲ. "ಚರ್ಮದಿಂದ ಹರಳಿನ ನೆತ್ತಿಯವರೆಗೆ 5 ಮಿ.ಮೀ. ಮೀರಬಾರದು" ಎಂದು ಅಂಕಿಯಲ್ಲೇ ಹೇಳಿ. "ಸ್ವಲ್ಪ ತಗ್ಗಾಗಿರಲಿ" ಎಂದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅರ್ಥವಾಗುತ್ತದೆ.

ನೀವು ದಿನವಿಡೀ ಕೈಗವಸು ಹಾಕಿ ತೆಗೆಯುವವರು. ಉಗುರಿನಂತೆ ಹರಳನ್ನು ಹಿಡಿಯುವ ಪ್ರಾಂಗ್‌ಗಳು ಗವಸನ್ನು ಹರಿಯುತ್ತವೆ, ತಾವೂ ಸವೆಯುತ್ತವೆ. ನಾನಾಗಿದ್ದರೆ ಹರಳಿನ ಸುತ್ತ ಚಿನ್ನದ ಅಂಚು ಬಗ್ಗಿಸಿ ಕೂರಿಸುವ ಬೆಝೆಲ್ ಕಟ್ಟನ್ನೇ ಕೇಳುತ್ತಿದ್ದೆ. ಹೊಳಪು ತುಸು ಕಡಿಮೆಯಾದೀತು, ಹರಳು ಭದ್ರವಾಗಿರುತ್ತದೆ. ಆದರೂ ಕೆಲಸದ ವೇಳೆ ಆಸ್ಪತ್ರೆಯಲ್ಲಿ ಉಂಗುರಕ್ಕೆ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲವೆಂದರೆ ಗವಸಿನ ತೊಂದರೆಯೇ ಇರದು, ಆಗ ಪ್ರಾಂಗ್ ಆದರೂ ನಡೆದೀತು. ಚಿನ್ನ 18 ಕ್ಯಾರೆಟ್‌ನದಾಗಿರಲಿ (ಇಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆ). ಶೇ. 75ರಷ್ಟೇ ಚಿನ್ನವಿದ್ದು ಉಳಿದುದು ಬೇರೆ ಲೋಹವಾದ್ದರಿಂದ 22 ಕ್ಯಾರೆಟ್‌ಗಿಂತ ಗಡುಸು. ಹಾಲ್‌ಮಾರ್ಕ್‌ನಲ್ಲಿ 750 ಎಂಬ ಅಂಕಿಯೂ ಆ ಒಡವೆಗಷ್ಟೇ ಸೇರಿದ ಗುರುತಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಇರಬೇಕು. ಆ ಮುದ್ರೆ ಚಿನ್ನಕ್ಕೆ ಮಾತ್ರ, ವಜ್ರದ ಗುಣಕ್ಕಲ್ಲ.

ಗಂಡಭೇರುಂಡದ ಬಗ್ಗೆ ನನಗೆ ಸಣ್ಣ ಆತಂಕವಿದೆ. ಎರಡು ತಲೆ, ಕೊಕ್ಕು, ಹರಡಿದ ರೆಕ್ಕೆ, ಇಷ್ಟೆಲ್ಲ ಉಂಗುರದ ಪಕ್ಕದ ಮೂರು ನಾಲ್ಕು ಮಿಲಿಮೀಟರಿನಲ್ಲಿ ಹಿಡಿಸಬೇಕು. ಅಚ್ಚಿನಲ್ಲಿ ಎರಕ ಹೊಯ್ದು ಪಾಲಿಶ್ ಮಾಡಿದ ಮೇಲೆ ಗರಿಗಳೆಲ್ಲ ಕೂಡಿಕೊಂಡು ಹಕ್ಕಿ ಮುದ್ದೆಯಾಗುತ್ತದೆ. ಅಂಚುರೇಖೆಯನ್ನಷ್ಟೇ ಉಳಿಸಿ ಕೈಕೆತ್ತನೆ ಮಾಡಿಸುವುದು ನನ್ನ ಸಲಹೆ. ಅಂಗಡಿಯವರು ತೋರಿಸುವ ವಿನ್ಯಾಸದ ಕಂಪ್ಯೂಟರ್ ಚಿತ್ರ ಪರದೆಯ ಮೇಲೆ ಅಂಗೈಯಗಲ ಕಾಣುತ್ತದೆ. ಅದನ್ನು ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ ಕೊಡಲು ಹೇಳಿ. ಬಳಿಕ, ಎರಕಕ್ಕೆ ಮುನ್ನ ಮಾಡುವ ಉಂಗುರದ ಮೇಣದ ಮಾದರಿಯನ್ನು ಜೋಪಾನವಾಗಿ ಬೆರಳಿಗಿಟ್ಟು ನೋಡಿ, ಕೈಗವಸು ಎಳೆಯುವಂತೆ ಅದರ ಮೇಲೆ ಕೈಯಾಡಿಸಿ. ಬದಲಾವಣೆ ಬೇಕಾದರೆ ಕೇಳಬೇಕಾದದ್ದು ಆಗಲೇ. ಎರಕವಾದ ಮೇಲೆ ಕೇಳಿದರೆ ಮತ್ತೆ ಕರಗಿಸಬೇಕಾದೀತು.

ಹೆಸರಿಗೆ ಒಳಮೈಯಲ್ಲಿ ಜಾಗ ಬಿಡಿಸಿ, ಹಾಲ್‌ಮಾರ್ಕ್ ಕೂಡ ಅಲ್ಲಿಯೇ ಬರುತ್ತದೆ. ಕನ್ನಡದ ಒತ್ತಕ್ಷರ ಕೆಳಗಿಳಿಯುವುದರಿಂದ ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚು ಅಗಲ ಬೇಕು. ಅಮ್ಮನ ಹೆಸರು ಲಕ್ಷ್ಮಿಯೋ ಪದ್ಮಳೋ ಆಗಿದ್ದರೆ ತೆಳುವಾದ ಪಟ್ಟಿಯಲ್ಲಿ ಒತ್ತು ಅಂಚಿಗೆ ಬಡಿಯುತ್ತದೆ. ಹೆಸರನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಹಳೆಯ ಪಾಸ್‌ಬುಕ್‌ನಲ್ಲೋ ಪತ್ರದಲ್ಲೋ ಅಮ್ಮನ ಸಹಿ ಇದ್ದರೆ ಅದನ್ನೇ ಕೊಂಡೊಯ್ಯಿರಿ. ಸ್ಕ್ಯಾನ್ ಮಾಡಿದ ಕೈಬರಹವನ್ನು ಲೇಸರ್ ಯಂತ್ರ ಹಾಗೆಯೇ ಕೆತ್ತುತ್ತದೆ.